ಓರಗಿತ್ತಿಗೆ ಹೇಳಿಯೇ ಕಳಿಸಿದ ಮನಿಯಾರ್ಡರ್

ಎಪ್ಪತ್ತರ ದಶಕದ ಮಾತು. ಬಾವಿ ನೀರಿನ ಸರದಿಗಾಗಿ ನಡೆದ ಜಗಳದಲ್ಲಿ ನನ್ನ ಗಂಡ ಗುದ್ದಲಿಯಿಂದ ಹೊಡೆದ ಏಟಿಗೆ ಅವರ ಸ್ವಂತ ಅಣ್ಣ ತೀರಿಕೊಂಡರು. ಗಂಡನಿಗೆ ಜೈಲಾಯಿತು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ದಬ್ಬೇಘಟ್ಟದ ಹತ್ತಿರದ ಅದೇ ಮನೆಯಲ್ಲಿ, ಗಂಡನನ್ನು ಕಳೆದುಕೊಂಡ ಓರಗಿತ್ತಿಯ ಜೊತೆ ನಾನು ಒಂದೇ ಒಲೆಯ ಮುಂದೆ ಕೂರಬೇಕಾಯಿತು. ಅವರು ನನ್ನನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ.

ಜೈಲಿನಲ್ಲಿ ಸೋಪಿಗೆ, ಬೀಡಿಗೆ ಗಂಡ ನನ್ನ ಕೈಯನ್ನೇ ನೋಡುತ್ತಿದ್ದರು. ಕೊಬ್ಬರಿ ಸುಲಿದ ಕೂಲಿಯಲ್ಲಿ ಅಷ್ಟಿಷ್ಟು ಉಳಿಸಿ, ಊರಿನ ಅಂಚೆ ಕಚೇರಿ ಬಿಟ್ಟು ತುರುವೇಕೆರೆಗೆ ಹೋಗಿ ಮನಿಯಾರ್ಡರ್ ಮಾಡುತ್ತಿದ್ದೆ. ಮನೆಯಲ್ಲಿ ಮಾತ್ರ ಹಲ್ಲುನೋವು, ಡಾಕ್ಟರ ಹತ್ತಿರ ಹೋಗಬೇಕು ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಹೊರಟು ನಿಂತಾಗ ಓರಗಿತ್ತಿ ಬಾಗಿಲಿಗೆ ಬಂದರು.

"ದುಡ್ಡು ಕಳ್ಸಕ್ಕೆ ಹೊಂಟ್ಯಾ?"

"ಹೂಂ ಅಕ್ಕ" ಎಂದೆ.

"ಹಲ್ಲುನೋವು ಅಂತ ಸುಳ್ಳು ಹೇಳ್ಬ್ಯಾಡ ಕಣೇ, ಹೇಳೇ ಹೋಗು. ನಿನ್ ಗಂಡ ಬದುಕವ್ನೆ, ಕಳುಸ್ತೀಯ. ನಾನ್ಯಾರಿಗೆ ಕಳುಸ್ಲಿ?"

ಅಂದಿನಿಂದ ಹೇಳಿಯೇ ಹೋದೆ. "ಅಕ್ಕ, ಮನಿಯಾರ್ಡರ್ ಮಾಡಿ ಬತ್ತೀನಿ" ಎಂದರೆ ಅವರು ತಲೆ ಎತ್ತದೆ ಹೂಂಗುಟ್ಟುತ್ತಿದ್ದರು. ಅದಕ್ಕಿಂತ ಸುಳ್ಳು ಹೇಳುವುದೇ ಸುಲಭವಾಗಿತ್ತು.

ಗಂಡ ಬಿಡುಗಡೆಯಾಗಿ ಬಂದ ದಿನ ಓರಗಿತ್ತಿಯೇ ಮುದ್ದೆ ತೊಳಸಿ, ಬಡಿಸಿಟ್ಟು ಹಿತ್ತಲಿಗೆ ಹೋದರು. ನಾವು ಉಂಡು ಏಳುವವರೆಗೂ ಒಳಗೆ ಬರಲಿಲ್ಲ. ಆಮೇಲೂ ಮೂವರೂ ಅದೇ ಮನೆಯಲ್ಲಿ ಇದ್ದೆವು. ಬೇರೆ ಹೋಗಲು ಯಾರಿಗೂ ಜಾಗವಿರಲಿಲ್ಲ.