ಹೆಸರು ಬದಲಾದರೂ ಕಳೆದುಹೋಗದ ಕೂಸು

ಜಾವಾದ ಕುತೊಅರ್ಜೊ ಊರಿನ ಸಂತೆಬೀದಿಯಲ್ಲಿ ಸೋಯಾಕಾಳಿನ ತೆಂಪೆ ಕರಿಯುವ ವಾಸನೆ ಏಳುವ ಹೊತ್ತಿಗೆ ವಾರ್ತಿನಿ ಪುಟ್ಟ ಚಿಕಿತ್ಸಾಲಯದ ಬೀಗ ತೆಗೆಯುತ್ತಾರೆ. ಮೊದಲು ಒಳಕೋಣೆಯ ಕಂಪ್ಯೂಟರ್ ಚಾಲೂ ಆಗಬೇಕು. ರೋಗಿಗಳ ಡೇಟಾಬೇಸ್ ಇರುವುದು ಅದರಲ್ಲಿ. ಆಮೇಲೆ ಮುಂಬದಿಯ ಮೇಜಿನದು. ಅದರಲ್ಲಿ ಅವರೇ ಬರೆದ ತಂತ್ರಾಂಶ ತೆರೆದು, ತಮ್ಮದೇ ಹೆಸರು ಹಾಕುತ್ತಾರೆ. ವಿವರ ಪರದೆಗೆ ಬಂದರೆ ಸರಿ. "ಎರಡೂ ಮಾತಾಡ್ತಾ ಇವೆ. ಇನ್ನು ನಾನು ಚಾ ಕುಡೀಬಹುದು," ಎಂದು ನಗುತ್ತಾರೆ.

ಅವರು ಇಲ್ಲಿ ಸೇರಿದ್ದು ಚೀಟಿ ಬರೆಯುವ ಕೆಲಸಕ್ಕೆ. ದಿನಕ್ಕೆ ನೂರರ ಹತ್ತಿರ ಜನ. ಫೈಲು ಹುಡುಕಿ ಹುಡುಕಿ ರೋಸಿಹೋಗಿ, ವೃತ್ತಿಶಾಲೆಯಲ್ಲಿ ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಇದನ್ನು ಕಟ್ಟಿದರು. ಹುದ್ದೆ ಮಾತ್ರ ಇವತ್ತಿಗೂ ಚೀಟಿ ಬರೆಯುವವರದ್ದೇ.

ಹೋದ ಮಳೆಗಾಲದಲ್ಲಿ ಒಂದು ದಿನ ಈ ತಂತ್ರಾಂಶವೇ ಕೈಕೊಟ್ಟಿತ್ತು. ಸುಮಿರಾ ಅಜ್ಜಿ ಜ್ವರದ ಮೊಮ್ಮಗನನ್ನು ಎತ್ತಿಕೊಂಡು ಬಂದು, ಹೆಸರು ಸ್ಲಾಮೆತ್ ಎಂದರು. ಪರದೆ ಖಾಲಿ. ಹೊಸ ರೋಗಿ ಎಂದುಕೊಂಡು ಡಾ. ಹೆಸ್ತಿ ಪೆನಿಸಿಲಿನ್ ಬರೆಯಲು ಹೊರಟರು. ವಾರ್ತಿನಿಗೆ ಮಾತ್ರ ಆ ಮುಖ ಎಲ್ಲೋ ಕಂಡ ಹಾಗಿತ್ತು.

"ಅಜ್ಜೀ, ಕೆಂಪು-ಬಿಳಿ ಗಂಜಿ ಮಾಡಿ ಹಂಚಿದ್ರಾ?"

"ಹೂಂ ಮತ್ತೆ! ಬಗಸ್ಕರ ಅನ್ನೋ ಹೆಸರಿನ ಭಾರ ಈ ಕೂಸಿಗೆ ತಡೀಲಿಲ್ಲ. ಬರೀ ಕಾಯಿಲೆ. ಅದಕ್ಕೇ ಗಂಜಿ ಹಂಚಿ ಹೆಸರು ಬದಲಾಯಿಸಿದ್ವಿ."

ಹಳೆಯ ಹೆಸರು ಹಾಕಿದ್ದೇ ತಡ, ಪರದೆಯಲ್ಲಿ ಬಂತು: ಪೆನಿಸಿಲಿನ್ ಒಗ್ಗದು. ಡಾಕ್ಟರ ಪೆನ್ನು ಅಲ್ಲೇ ನಿಂತಿತು.

"ತಪ್ಪು ಅಜ್ಜೀದಲ್ಲ, ನಂದು," ಎನ್ನುತ್ತಾರೆ ವಾರ್ತಿನಿ. "ರೋಗಿಗಳ ಪಟ್ಟಿಗೂ ಔಷಧಿ ಪಟ್ಟಿಗೂ ಹೆಸರಿಂದಲೇ ಗಂಟು ಹಾಕಿದ್ದೆ. ನಮ್ಮ ಜನರ ಹೆಸರು ಒಂದು ಕಡೆ ನಿಲ್ಲುತ್ತಾ? ನನ್ನದೂ ಎರಡನೇ ಹೆಸರೇ!" ಪಟ್ಟುಹಿಡಿದು ಕೂತು, ಪ್ರತಿ ರೋಗಿಗೂ ಬದಲಾಗದ ಸಂಖ್ಯೆ ಕೊಟ್ಟು, ಅದರಿಂದಲೇ ಎಲ್ಲ ಪಟ್ಟಿಗಳನ್ನೂ ಜೋಡಿಸಿದರು. ಸಂಖ್ಯೆ ಯಾರಿಗೆ ನೆನಪಿರುತ್ತದೆ? ಹಾಗಾಗಿ ತಾಯಿಯ ಹೆಸರು ಮತ್ತು ವೆತೊನ್, ಅಂದರೆ ಹುಟ್ಟಿದ ವಾರ ಮತ್ತು ಐದು ದಿನಗಳ ಜಾವಾ ಸಂತೆಚಕ್ರದ ದಿನ, ಹೇಳಿದರೂ ಸಾಕು. ತಾರೀಖು ಮರೆತರೂ ವೆತೊನ್ ಮರೆಯುವ ಅಜ್ಜಿ ಜಾವಾದಲ್ಲಿಲ್ಲ.

ಇವತ್ತು ಸುಮಿರಾ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಮತ್ತೆ ಬಂದಿದ್ದಾರೆ. "ಈಗಿವನು ಉಂತುಂಗ್! ನಿನ್ನ ಪೆಟ್ಟಿಗೆ ಕಂಡುಹಿಡೀಲಿ ನೋಡೋಣ."

"ತಾಯಿ ಹೆಸರು, ವೆತೊನ್ ಹೇಳಿ, ಅಜ್ಜೀ."

"ರತ್ರಿ. ಶುಕ್ರವಾರ ಕ್ಲಿವೊನ್."

ಪರದೆಯಲ್ಲಿ ಸ್ಲಾಮೆತ್, ಅದರ ಕೆಳಗೆ ಬಗಸ್ಕರ, ಪಕ್ಕದಲ್ಲಿ ಕೆಂಪಕ್ಷರದ ಎಚ್ಚರಿಕೆ. ಅಜ್ಜಿ ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ವಾರ್ತಿನಿಗೆ ಖುಷಿ ತಡೆಯಲಾಗದು. ಮೂರನೇ ಹೆಸರನ್ನೂ ಸೇರಿಸುತ್ತಾ ಹೇಳುತ್ತಾರೆ:

"ಎಷ್ಟು ಹೆಸರು ಬೇಕಾದ್ರೂ ಇಡಲಿ. ಕೂಸು ಮಾತ್ರ ನನ್ನ ಪರದೆಯಿಂದ ಕಳೆದುಹೋಗಬಾರದು, ಅಷ್ಟೇ."