ಕಾರವಾರದ ಡಾಲ್ಫಿನ್‌ಗೆ ಸಾಕ್ಷಿ ಯಾರು?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ಶನಿವಾರ ಅಟ್ಲಾಂಟಿಕ್ ಅಂಚಿನಲ್ಲಿ, ಒಂದು ಪುಟ್ಟ ದೋಣಿಯಲ್ಲಿ ಕೂತು, ನಾನು ಡಾಲ್ಫಿನ್ ಆದೆ. ಆಗು ಎಂದು ಯಾರೂ ಕೇಳಿರಲಿಲ್ಲ.

ಎರಡೂ ಅಂಗೈ ಬಾಯಿಗೆ ಒಡ್ಡಿ 'ಫುಸ್ಸ್' ಎಂದೆ. ಅಷ್ಟೇ. ಅಷ್ಟಕ್ಕೇ ಒಬ್ಬ ಅಪ್ಪನ ಮರ್ಯಾದೆ ಮುಳುಗುವುದರಲ್ಲಿತ್ತು.

ಅಪ್ಪ ಅಂದರೆ ನಾಯಕ್ ಅಂಕಲ್. ಕಾರವಾರದವರು, ಅಮೆರಿಕದ ನಮ್ಮ ಕ್ಯಾರಿ ಊರಿನಲ್ಲಿ ಬಹಳ ವರ್ಷಗಳಿಂದ ಇರುವ ಸಿವಿಲ್ ಎಂಜಿನಿಯರ್. ಚಿಕ್ಕಂದಿನಲ್ಲಿ ಸೋದರಮಾವನ ದೋಣಿಯಲ್ಲಿ ಹೋಗಿ ಡಾಲ್ಫಿನ್ ನೋಡಿದ್ದರಂತೆ. ಮಾವ ಹುಟ್ಟು ಹಾಕುವುದನ್ನು ನಿಲ್ಲಿಸಿ, "ಮಾತಾಡಬೇಡ, ಮೊದಲು ಕಿವಿಗೆ ಬರ್ತದೆ, ಆಮೇಲೆ ಕಣ್ಣಿಗೆ" ಅನ್ನುತ್ತಿದ್ದರಂತೆ. ಅಂಕಲ್ ಇದನ್ನು ಪ್ರತಿ ಪಾಟ್‌ಲಕ್ ಊಟದಲ್ಲೂ ಹೇಳುತ್ತಾರೆ. ಅವರು ಹೇಳಿ ಮುಗಿಸಿದ ಮೇಲೆ ನಾನು ಅವರದೇ ದನಿಯಲ್ಲಿ ಇನ್ನೊಮ್ಮೆ ಹೇಳುತ್ತೇನೆ. ("ಮಾರಾಯಾ, ಡಾಲ್ಫಿನ್ ಹಿಡಿಲಿಕ್ಕೆ ಬಲೆ ಯಾಕೆ, ಕಿವಿ ಸಾಕು!") ಚಪ್ಪಾಳೆ ನನಗೇ ಜಾಸ್ತಿ.

ಈ ಸಲ ಗಣೇಶನ ಹಬ್ಬದಲ್ಲಿ ಅದನ್ನು ಮೈಕಿನಲ್ಲೇ ಮಾಡಿದೆ. ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂಕಲ್ ಕೂಡ ನಕ್ಕರು. ಅವರ ಮಗಳು ಮೇಘನಾ ಮಾತ್ರ ನಗಲಿಲ್ಲ. ಹನ್ನೆರಡು ವರ್ಷ, ಇಲ್ಲೇ ಹುಟ್ಟಿದವಳು. ಕಾರಿನಲ್ಲಿ ಕೇಳಿದಳಂತೆ: "ಡ್ಯಾಡ್, ಯು ಮೇಡ್ ಇಟ್ ಅಪ್, ರೈಟ್? ಎಲ್ಲಾರೂ ಲಾಫ್ ಮಾಡ್ತಾರೆ."

ನನ್ನ ಕೀಟಲೆಯನ್ನು ಅಂಕಲ್ ತಡೆದುಕೊಳ್ಳುತ್ತಾರೆ. ಮಗಳ ಈ ಮಾತು ತಡೆಯಲಾಗಲಿಲ್ಲ. ಮರುದಿನವೇ ಫೋನ್.

"ಕಿಟ್ಟಿ, ಶನಿವಾರ ಬೋಫೋರ್ಟ್ ಬಂದರಿಗೆ ಹೋಗುವಾ. ದೋಣಿ ಬುಕ್ ಮಾಡಿದ್ದೇನೆ. ಡಾಲ್ಫಿನ್ ಹೇಗೆ ಬರ್ತದೆ ಅಂತ ಮಗಳು ಒಮ್ಮೆ ಕಣ್ಣಾರೆ ಕಾಣಲಿ. ನೀನೂ ಬರಬೇಕು."

"ನಾನ್ಯಾಕೆ ಅಂಕಲ್?"

"ಬೆಂಕಿ ಹಚ್ಚಿದ್ದು ಯಾರು?"

ಹೋದೆವು. ಅಂಕಲ್, ವತ್ಸಲಾ ಆಂಟಿ, ಮೇಘನಾ, ನಾನು. ದೋಣಿ ನಮ್ಮ ಲಿವಿಂಗ್ ರೂಮಿನ ಸೋಫಾಕ್ಕಿಂತ ಸ್ವಲ್ಪ ದೊಡ್ಡದು. ಕ್ಯಾಪ್ಟನ್ ಕೆಂಪು ಮುಖದ ಮುದುಕ. ಪದಗಳನ್ನು ಬೆಲ್ಲದ ಪಾಕದ ಹಾಗೆ ಎಳೆಯುವ ಸದರ್ನ್ ಇಂಗ್ಲಿಷ್. (ಬಂದರು ದಾಟುವ ಮೊದಲೇ ಅದನ್ನೂ ಕಲಿತುಬಿಟ್ಟೆ.) ಅವನ ಅಜ್ಜನ ಅಜ್ಜ ಸ್ಕಾಟ್ಲೆಂಡಿನ ಯಾವುದೋ ದ್ವೀಪದಲ್ಲಿ ಸೀಲ್ ಪ್ರಾಣಿಗಳ ನಡುವೆ ದೋಣಿ ನಡೆಸುತ್ತಿದ್ದನಂತೆ. ನಾವೆಲ್ಲ "ವಾವ್" ಎಂದೆವು.

ಆಮೇಲೆ ಹೊಳೆಯಿತು. ಈ ಕ್ಯಾಪ್ಟನ್ನನ ಅಜ್ಜನ ಅಜ್ಜನನ್ನು ನಾವು ಒಂದೇ ಏಟಿಗೆ ನಂಬಿದೆವು. ನಾಯಕ್ ಅಂಕಲ್‌ರ ಸ್ವಂತ ಕಣ್ಣನ್ನು ಯಾಕೆ ನಂಬಲಿಲ್ಲ? ಕಾರವಾರದಲ್ಲಾಗಿದ್ದರೆ "ಹೌದೇ, ನಿಮ್ಮಪ್ಪ ಅವತ್ತು ನೆನೆದು ತೊಪ್ಪೆಯಾಗಿ ಬಂದಿದ್ದ" ಎನ್ನಲು ಒಬ್ಬ ಅಜ್ಜಿಯೋ ಪಕ್ಕದ ಮನೆಯವರೋ ಇರುತ್ತಿದ್ದರು. ಇಲ್ಲಿ? ನಾವೆಲ್ಲ ಸರ್ಟಿಫಿಕೇಟುಗಳನ್ನು ಅಟೆಸ್ಟ್ ಮಾಡಿಸಿಕೊಂಡು ಬಂದವರು. ಬಾಲ್ಯವನ್ನು ಅಟೆಸ್ಟ್ ಮಾಡಿಸಿಕೊಂಡು ಬಂದವರು ಯಾರಿದ್ದೀರಿ?

ಕಾಡುಕುದುರೆಗಳಿರುವ ಮರಳು ದ್ವೀಪದ ಪಕ್ಕ ಕ್ಯಾಪ್ಟನ್ ಎಂಜಿನ್ ಆಫ್ ಮಾಡಿದ. "ಇನ್ನು ಮಾತು ಬೇಡ. ಕಾಣುವ ಮೊದಲು ಅವುಗಳ ಉಸಿರು ಕೇಳಿಸುತ್ತೆ" ಎಂದ.

ಅಂಕಲ್ ಮುಖ ನೋಡಬೇಕಿತ್ತು! "ಕೇಳಿದ್ಯಾ ಮೇಘನಾ? ನಮ್ಮ ಮಾವ ಹೇಳ್ತಿದ್ದದ್ದೂ ಇದೇ!" ಮೇಘನಾ ಕಣ್ಣು ಕಿರಿದು ಮಾಡಿ ಅಪ್ಪನನ್ನು ನೋಡಿದಳು. ಅರ್ಧ ನಂಬಿಕೆ ಬಂದಿತ್ತು.

ನೀರು ಮೌನ. ಗಾಳಿ ಮೌನ. ನಾನು ಎಷ್ಟು ಹೊತ್ತು ಮೌನ ಇರಬಲ್ಲೆ? ಡಾಲ್ಫಿನ್ ಉಸಿರು ಹೇಗಿರಬಹುದು ಎಂಬ ಕುತೂಹಲ ಬಾಯಿಗೇ ಬಂತು. 'ಫುಸ್ಸ್.'

ಎಲ್ಲರೂ ಎಡಕ್ಕೆ ತಿರುಗಿದರು. ಎಡಕ್ಕೆ ನಾನಿದ್ದೆ.

ಆಂಟಿ ಬೆನ್ನಿಗೊಂದು ಕೊಟ್ಟರು. ಅಷ್ಟರಲ್ಲಿ ಬಲಗಡೆ ಇನ್ನೊಂದು 'ಫುಸ್ಸ್'. ಅದು ನನ್ನದಲ್ಲ, ದೇವರಾಣೆ! "ಸ್ಟಾಪ್ ಇಟ್, ಕಿಟ್ಟಿ ಅಂಕಲ್!" ಎಂದಳು ಮೇಘನಾ, ತಿರುಗದೆಯೇ. (ಇಪ್ಪತ್ತಾರಕ್ಕೇ ನಾನು ಅಂಕಲ್.) ತಿರುಗಿದ್ದು ನಾಯಕ್ ಅಂಕಲ್ ಒಬ್ಬರೇ. "ಅಗೋ! ಅಗೋ!" ಎಂದು ಕೂಗಿದರು. ಉಳಿದವರು ನೋಡುವಷ್ಟರಲ್ಲಿ ನೀರಿನ ಮೇಲೆ ಬರೀ ಉಂಗುರಗಳು.

"ಅಗೇನ್, ಓನ್ಲಿ ಯು ಸಾ ಇಟ್" ಎಂದಳು ಮಗಳು.

ಅಂಕಲ್ ನನ್ನನ್ನು ಬೈಯಲಿಲ್ಲ. ಕ್ಯಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವ ಹೊತ್ತಾಗಿತ್ತು. ನಾನು ಕ್ಯಾಪ್ಟನ್ನನಿಗೆ ಕೈಮುಗಿದು ಬೇಡಿಕೊಂಡೆ, ನನ್ನ ಸ್ವಂತ ದನಿಯಲ್ಲಿ. ದಾರಿಯಲ್ಲಿ ಇನ್ನೊಂದು ಕಡೆ ಎಂಜಿನ್ ಆಫ್ ಮಾಡಲು ಒಪ್ಪಿದ. ಆಂಟಿ ಡಬ್ಬಿಯಿಂದ ಒಂದು ರವೆ ಉಂಡೆ ತೆಗೆದು ಇಡಿಯಾಗಿ ನನ್ನ ಬಾಯಿಗೆ ತುರುಕಿದರು. "ಅಗೀಬೇಡ, ನುಂಗಬೇಡ. ಹಾಗೇ ಇಟ್ಕೊಂಡಿರು."

ಬಾಯ್ತುಂಬ ರವೆ ಉಂಡೆ ಇಟ್ಟುಕೊಂಡು ನೋಡಿ. ಮಿಮಿಕ್ರಿ ಹಾಗಿರಲಿ, ಜೋರಾಗಿ ಉಸಿರೆಳೆದುಕೊಂಡರೆ ಪುಡಿಯೆಲ್ಲ ಗಂಟಲಿಗೆ.

ಫುಸ್ಸ್.

ಮೇಘನಾ ಮೊದಲು ನನ್ನ ಉಬ್ಬಿದ ಕೆನ್ನೆ ನೋಡಿದಳು. ಆಮೇಲೆ ಬಲಕ್ಕೆ ತಿರುಗಿದಳು. ಕೈಗೆ ಎಟುಕುವಷ್ಟು ಹತ್ತಿರ ಬೂದು ಬೆನ್ನೊಂದು ಹೊಳೆದು ಬಾಗಿತು. ಪಕ್ಕದಲ್ಲೇ ಪುಟ್ಟದೊಂದು. ತಾಯಿ, ಮರಿ. ಮೀನು ವಾಸನೆಯ ಬೆಚ್ಚಗಿನ ಉಸಿರು ನಮ್ಮ ಮುಖಕ್ಕೇ ಬಡಿಯಿತು. ಯಾರೂ "ವಾವ್" ಅನ್ನಲಿಲ್ಲ. ನಾನಂತೂ ಅನ್ನುವ ಸ್ಥಿತಿಯಲ್ಲೇ ಇರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮೇಘನಾ ಕೇಳಿದಳು: "ಅಪ್ಪ, ಕಾರವಾರದಲ್ಲೂ ಬೇಬಿ ಇತ್ತಾ?"

ಅಂಕಲ್ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದರು. ಮಾವ, ಮರದ ದೋಣಿ, ಬೆಳಗಿನ ಮಂಜು. ನನ್ನ ಬಾಯಿ ಅಷ್ಟು ಹೊತ್ತಿಗೆ ಖಾಲಿಯಾಗಿತ್ತು. ಸುಮ್ಮನಿರುತ್ತದೆಯೇ? ಅವರದೇ ದನಿಯಲ್ಲಿ "ಮಾರಾಯಾ..." ಎಂದು ಬಾಯಿ ತೆರೆದೆ.

ಹಿಂದಿನ ಸೀಟಿನಿಂದ ಕನ್ನಡದಲ್ಲೇ ಬಂತು: "ಕಿಟ್ಟಿ ಅಂಕಲ್, ಶ್! ನನ್ನ ಅಪ್ಪ ಮಾತಾಡ್ತಾ ಇದ್ದಾರೆ."