ಸೂಜಿ ಹೆಗಲಿಗೆ, ಅರ್ಜಿ ದುರ್ಗಕ್ಕೆ

ಕಳೆದ ವಾರ ಒಬ್ಬ ಸಾಹೇಬರಿಗೆ ಸೊಂಟದ ಹತ್ತಿರ ಕೈ ಮುಗಿದು ಚೆನ್ನಾಗಿ ಬೈಸಿಕೊಂಡೆ.

ನಿಮಗೆ ಗೊತ್ತೇ ಇದೆ, ವಾರಕ್ಕೊಮ್ಮೆ ಈ ಅಂಕಣದಲ್ಲಿ ಕೊರೆಯುವುದು ನನ್ನ ಚಟ. ಹೊಟ್ಟೆಪಾಡಿಗೆ ಹೊಸದುರ್ಗದ ಅಂಗಡಿ ಗೋಡೆಗಳ ಮೇಲೆ ಹೆಸರು ಬರೆಯುತ್ತೇನೆ. ಮೂರು ತಿಂಗಳ ಹಿಂದೆ ಹಾಲುರಾಮೇಶ್ವರದ ಜಾತ್ರೆಗೆ ಹೊರಟವನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಾಲರಾ ಸೂಜಿಯವರು ಹಿಡಿದರು. ನನ್ನ ಟೆರಿಲಿನ್ ಶರ್ಟಿನ ತೋಳು ಬಿಗಿ, ಮೇಲೆ ಸರಿಯಲಿಲ್ಲ. ಕಾಂಪೌಂಡರ್‌ಗೆ ಪುರುಸೊತ್ತೆಲ್ಲಿ? ಕಾಲರ್ ಕೆಳಕ್ಕೆ ಜಗ್ಗಿ, ಹೆಗಲು ಕಂಡಲ್ಲೇ, ಮೂಳೆಯ ಪಕ್ಕಕ್ಕೇ ಚುಚ್ಚಿದ.

"ನಾಳೆ ಸರಿಹೋಗ್ತೈತೆ, ನಡೀರಿ" ಎಂದ. (ಯಾವ ನಾಳೆ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.)

ಅಂದಿನಿಂದ ಬಲಗೈ ಸೊಂಟಕ್ಕಿಂತ ಮೇಲೆ ಏಳುತ್ತಿಲ್ಲ. ಅಂಗಡಿಯ ಹೆಸರು ಬಾಗಿಲ ಮೇಲಿರುತ್ತದೆ ಸ್ವಾಮಿ, ಹೊಸ್ತಿಲ ಮೇಲಲ್ಲ! ಗಿರಾಕಿಗಳು ಬೇರೆಯವರನ್ನು ಹುಡುಕಿಕೊಂಡರು. ಈಗ ನಮ್ಮ ಒಲೆ ಉರಿಯುತ್ತಿರುವುದು ಹೆಂಡತಿ ಗೌರಮ್ಮ ಹೊಲಿಯುವ ರವಿಕೆಗಳಿಂದ.

ಪರಿಹಾರವಾದರೂ ಕೇಳೋಣವೆಂದು ಇಬ್ಬರೂ ಜಿಲ್ಲಾ ಕೇಂದ್ರವಾದ ದುರ್ಗದ ಆರೋಗ್ಯ ಇಲಾಖೆ ಕಚೇರಿಗೆ ಹೋದೆವು. ಸಾಹೇಬರು ಅರ್ಜಿ ನೋಡಲಿಲ್ಲ, ನನ್ನ ಕೈ ನೋಡಿದರು.

"ಇದೇನ್ರಿ, ಸೊಂಟದ ಹತ್ರ ಕೈ ಮುಗಿತೀರಿ? ಆಫೀಸರ್ ಮುಂದೆ ನಿಲ್ಲೋ ರೀತಿನಾ ಇದು?"

"ಕೈ ಮೇಲಕ್ಕೆ ಏಳಲ್ಲ ಸಾರ್. ಅದಕ್ಕೇ ಬಂದಿರೋದು."

"ನೆಪ ಹೇಳಬ್ಯಾಡ್ರಿ. ಮೊದ್ಲು ನೆಟ್ಟಗೆ ಕೈ ಮುಗೀರಿ, ಆಮೇಲೆ ಮಾತು."

ನನಗೆ ಮೈಯೆಲ್ಲ ಉರಿದುಹೋಯಿತು. ಗೌರಮ್ಮನಿಗೆ ಮಾತ್ರ ಭಯ. ಅರ್ಜಿ ವಾಪಸು ಬಂದರೆ ಮುಂದೆ ಗತಿಯೇನು? "ಸಿಟ್ಟಾಗಬ್ಯಾಡ್ರಿ ಸ್ವಾಮಿ" ಎನ್ನುತ್ತ ನನ್ನ ಹಿಂದೆ ಬಂದು, ಮೊಣಕೈ ಹಿಡಿದು, ಕೈಯನ್ನು ಹಣೆಯವರೆಗೆ ಎತ್ತಿದಳು. ಜೀವ ಬಾಯಿಗೆ ಬಂತು. ಹಲ್ಲು ಕಚ್ಚಿಕೊಂಡು ಮುಗಿದೆ.

ಸಾಹೇಬರ ಮುಖ ಅರಳಿತು.

"ನೋಡಿ, ಹೋಯ್ತಲ್ಲ ಮೇಲೆ! ಏನೂ ಆಗಿಲ್ಲ ನಿಮ್ಮ ಕೈಗೆ. ಹೋಗ್ರಿ, ಹೋಗ್ರಿ."

"ಅಯ್ಯೋ, ಎತ್ತಿದ್ದು ನಾನು ಸ್ವಾಮಿ!" ಗೌರಮ್ಮ ಅತ್ತೇಬಿಟ್ಟಳು.

"ಯಾರು ಎತ್ತಿದ್ರೇನಮ್ಮ? ಎದ್ದೈತೋ ಇಲ್ವೋ?"

ಎಂಥಾ ಪರೀಕ್ಷೆ! ಎಕ್ಸ್‌ರೇ ಬೇಡ, ಡಾಕ್ಟರ್ ಬೇಡ. ಅರ್ಜಿಯ ಮೇಲೆ ಏನೋ ಗೀಚಿ ಪಕ್ಕಕ್ಕೆ ಎಸೆದರು. ಹೊಳಲ್ಕೆರೆ ದಾಟುವವರೆಗೂ ಗೌರಮ್ಮ ಬಸ್ಸಿನಲ್ಲಿ ನನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ನಾನೇ ಎತ್ತಿಬಿಟ್ನಲ್ರೀ" ಎಂದಳು, ಅಷ್ಟೇ. ಆ ಮಾತು ಸೂಜಿಗಿಂತ ಆಳಕ್ಕೆ ಇಳಿಯಿತು.

ಅವಳದೇನು ತಪ್ಪು? ಪ್ರಜೆಯ ಕೈಗೆ ಮುಗಿಯಲು ಬಂದರೆ ಸಾಕು, ದುಡಿಯಲೂ ಬರಬೇಕೆಂದು ಯಾವ ಸಾಹೇಬರು ಕೇಳಿದ್ದಾರೆ, ನೀವೇ ಹೇಳಿ?